ತೊರೆ ನೀರು ಗುಡ್ಡ ಹತ್ತುವ ವಿಡಿಯೊ

ಮಾನ್ಯ ಸಂಪಾದಕರೇ,

ಕರೆಂಟಿಲ್ಲದೆ ಟಕ್ ಟಕ್ ಎನ್ನುತ್ತ ತೊರೆ ನೀರನ್ನು ಗುಡ್ಡಕ್ಕೇರಿಸುವ ಹೈಡ್ರಾಲಿಕ್ ರ್‍ಯಾಮ್ ಪಂಪಿನ ವಿಡಿಯೊಗಳು ಮೊಬೈಲ್‌ಗಳಲ್ಲಿ ಹರಿದಾಡುತ್ತಿವೆ. ಇದು ಕಣ್ಕಟ್ಟಲ್ಲ, ಫ್ರಾನ್ಸಿನ ಮೊಂಗೊಲ್ಫಿಯೆ 1796ರಲ್ಲೇ ರೂಪಿಸಿದ ಅದ್ಭುತ ಯಂತ್ರ. ಇಳಿದು ಬರುವ ನೀರಿನ ರಭಸಕ್ಕೆ ಕವಾಟ ಫಟ್ಟನೆ ಮುಚ್ಚಿ ಒತ್ತಡ ಏರುತ್ತದೆ. ಆಗ ಸ್ವಲ್ಪ ನೀರು ಮೇಲಕ್ಕೆ ನುಗ್ಗುತ್ತದೆ, ಉಳಿದದ್ದು ಕವಾಟ ತೆರೆದಿರುವಾಗ ಹೊರಚೆಲ್ಲುತ್ತದೆ. ಹೆಚ್ಚಿನ ವಿಡಿಯೊಗಳು ಹೇಳದಿರುವುದು ಇದನ್ನೇ. 2 ಮೀಟರ್ ಎತ್ತರದಿಂದ 100 ಲೀಟರ್ ಇಳಿದರೆ 20 ಮೀಟರ್ ಮೇಲಕ್ಕೆ ಏರುವುದು ಸುಮಾರು 6 ಲೀಟರ್ ಮಾತ್ರ.

ನೀರು ಇಳಿಸುವ ಕೊಳವೆ ಜಿಐ (ಸತು ಲೇಪಿತ ಕಬ್ಬಿಣ) ಆಗಿರಲಿ. ಪಿವಿಸಿ ಹಿಗ್ಗಿ ಒತ್ತಡದ ಪೆಟ್ಟನ್ನು ನುಂಗುತ್ತದೆ, ಕೊನೆಗೆ ಒಡೆಯಲೂಬಹುದು. ಒತ್ತಡದ ಪೆಟ್ಟನ್ನು ತಾಳಿ ನೀರನ್ನು ಸಮವಾಗಿ ಮೇಲಕ್ಕೆ ತಳ್ಳಲು ಪಂಪಿನಲ್ಲಿರುವ ಗಾಳಿ ಕೋಣೆಯ ಗಾಳಿ ನಿಧಾನಕ್ಕೆ ನೀರಿನಲ್ಲಿ ಕರಗಿಹೋಗುತ್ತದೆ. ಅರ್ಧ ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ಒಳಗಿಟ್ಟರೆ ಆ ತೊಂದರೆಯಿಲ್ಲ. ತೋಟದ ತೊರೆಗಳಲ್ಲಿ ತರಗೆಲೆ ಕವಾಟಕ್ಕೆ ಸಿಕ್ಕಿ ಪಂಪ್ ನಿಲ್ಲುವುದೇ ಹೆಚ್ಚು, ಆದ್ದರಿಂದ ಕೊಳವೆಯ ಬಾಯಿಗೆ ಜಾಲರಿ ಬೇಕೇ ಬೇಕು.

ಕೊಡಗಿನ ಇಳಿಜಾರಿಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಕಾಫಿ ಹೂ ಅರಳಲು ಬೇಕಾದ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಓಡಿಸಲು ಸಾಲದು. ತೋಟದ ಕಾರ್ಮಿಕರ ಲೈನ್‌ಮನೆಯ ಟ್ಯಾಂಕಿಗೆ, ನರ್ಸರಿಗೆ ಸಾಕು. ವಿಡಿಯೊ ಮಾಡುವವರು ದಯವಿಟ್ಟು ನೀರು ಎಷ್ಟು ಇಳಿಯುತ್ತದೆ, ಎಷ್ಟು ಏರುತ್ತದೆ ಎಂಬ ಎರಡೂ ಅಳತೆಗಳನ್ನು ಹೇಳಲಿ.

– ಕಾಫಿ ಬೆಳೆಗಾರರು, ಮಡಿಕೇರಿ