ಮದುವೆ ಚೀಟಿಯ ಜೊತೆ ಠಸ್ಸೆಯನ್ನೂ ನೋಡಿ

ಮಾನ್ಯ ಸಂಪಾದಕರೇ,

ರಾಜಮನೆತನದ ಮದುವೆಗಳ ಅಂಚೆಚೀಟಿ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಚಿತ್ರಗಳು ಸೊಗಸಾಗಿದ್ದವು. ಆದರೆ ಇಂಥ ಚೀಟಿ ಕೊಂಡಿಟ್ಟರೆ ಮುಂದೆ ಒಳ್ಳೇ ಬೆಲೆ ಬರುತ್ತೆ ಎಂಬ ಧಾಟಿ ನನಗೆ ಒಪ್ಪಿಗೆಯಾಗಲಿಲ್ಲ. ಇನ್ನು ಠಸ್ಸೆಯ ಬಗ್ಗೆ, ಅಂದರೆ ಅಂಚೆ ಕಚೇರಿಯವರು ಚೀಟಿಯ ಮೇಲೆ ಊರು, ತಾರೀಕು ಹಾಕಿ ಒತ್ತುವ ಮುದ್ರೆಯ ಬಗ್ಗೆ, ಅದರಲ್ಲಿ ಒಂದು ಸಾಲೂ ಇಲ್ಲ.

1981ರ ಚಾರ್ಲ್ಸ್–ಡಯಾನಾ ಮದುವೆಯನ್ನೇ ತಗೊಳ್ಳಿ. ಮದುವೆ ಜುಲೈ 29ಕ್ಕೆ. ಬ್ರಿಟನ್ ಒಂದು ವಾರ ಮೊದಲೇ 14 ಮತ್ತು 25 ಪೆನ್ಸ್‌ನ ಎರಡು ಚೀಟಿ ಹೊರತಂದಿತು. ಎರಡಕ್ಕೂ ಲಾರ್ಡ್ ಸ್ನೋಡನ್ ತೆಗೆದ ಒಂದೇ ಫೋಟೊ. (ಇಬ್ಬರೂ ಹೆಚ್ಚುಕಮ್ಮಿ ಒಂದೇ ಎತ್ತರ. ಚೀಟಿಯಲ್ಲಿ ಮಾತ್ರ ವರನೇ ಎತ್ತರ!) ಕಾಮನ್‌ವೆಲ್ತ್‌ನ ಹತ್ತಾರು ದೇಶಗಳು, ಪುಟ್ಟಪುಟ್ಟ ದ್ವೀಪಗಳು ಎಲ್ಲವೂ ಸಾಲುಗಟ್ಟಿ ಚೀಟಿ ಅಚ್ಚು ಹಾಕಿದವು. ರಾಜರ ಗೊಡವೆಯೇ ಬೇಡ ಎನ್ನಬೇಕಾದ ಉತ್ತರ ಕೊರಿಯಾ ಕೂಡ ಬಿಡಲಿಲ್ಲ. ಕೊಂಡವರೆಲ್ಲ ಕಾಗದಕ್ಕೆ ಅಂಟಿಸದೆ ಆಲ್ಬಂಗೆ ಸೇರಿಸಿದರು. ಎಲ್ಲರ ಮನೆಯಲ್ಲೂ ಜೋಪಾನವಾಗಿರೋದು ಅಪರೂಪ ಆಗೋದಾದರೂ ಹೇಗೆ?

ನಿಜಕ್ಕೂ ಅಪರೂಪದ ಮದುವೆ ಚೀಟಿ ಬೇಕಾದರೆ ಜಪಾನಿಗೆ ಹೋಗಬೇಕು. ಯುವರಾಜ ಹಿರೋಹಿತೊ ಮದುವೆಗೆಂದು 1923ರಲ್ಲಿ ಚೀಟಿಗಳು ಅಚ್ಚಾಗಿ ಸಿದ್ಧವಾಗಿದ್ದವು. ಸೆಪ್ಟೆಂಬರ್ 1ರಂದು ಕಾಂಟೊ ಭೂಕಂಪ ಬಂತು. ಚೀಟಿಗಳ ದಾಸ್ತಾನು ನಾಶವಾಯಿತು. ಆಗ ಜಪಾನಿನ ಆಡಳಿತದಲ್ಲಿದ್ದ ದೂರದ ಪಲಾವು ದ್ವೀಪಗಳಿಗೆ ಮೊದಲೇ ಕಳಿಸಿದ್ದ ಒಂದಷ್ಟು ಮಾತ್ರ ಉಳಿದವು. ಅವನ್ನು ವಾಪಸ್ ತರಿಸಿ ಅರಮನೆಯವರಿಗೂ ಅಧಿಕಾರಿಗಳಿಗೂ ಹಂಚಿದರು. ಅಂಚೆ ಕಚೇರಿಯಲ್ಲಿ ಮಾರಲೇ ಇಲ್ಲ. ಮದುವೆ 1924ರ ಜನವರಿಯಲ್ಲಿ ಚೀಟಿಯಿಲ್ಲದೆ ನಡೆಯಿತು.

ಇನ್ನು ಠಸ್ಸೆಗೆ ಬರೋಣ. ಚೀಟಿ ಅಚ್ಚಾಗೋದು ಮದುವೆಗೆ ಮೊದಲು. ಠಸ್ಸೆ ಬೀಳೋದು ಆ ದಿನ, ಆ ಊರಿನಲ್ಲಿ. ಈ ವ್ಯತ್ಯಾಸ ಕಣ್ಣಿಗೆ ಕಾಣಬೇಕಾದರೆ 2005ರ ಚಾರ್ಲ್ಸ್–ಕ್ಯಾಮಿಲಾ ಮದುವೆಗೆ ಬ್ರಿಟನ್ ತಂದ ಶೀಟ್ (ಚೀಟಿಗಳಿರುವ ಪುಟ್ಟ ಹಾಳೆ) ನೋಡಬೇಕು. ಅದರ ಮೇಲೆ ಮದುವೆ ದಿನ ಏಪ್ರಿಲ್ 8 ಎಂದೇ ಅಚ್ಚಾಗಿದೆ. ಆದರೆ ಪೋಪ್ ಎರಡನೇ ಜಾನ್ ಪಾಲ್ ಅವರ ಅಂತ್ಯಕ್ರಿಯೆ ಅದೇ ದಿನಕ್ಕೆ ಗೊತ್ತಾಯಿತು. ಚಾರ್ಲ್ಸ್ ಅಲ್ಲಿಗೆ ಹೊರಟರು. ಮದುವೆ ಒಂದು ದಿನ ಮುಂದಕ್ಕೆ ಹೋಯಿತು. ಮತ್ತೆ ಅಚ್ಚು ಹಾಕಿಸಲು ಪುರುಸೊತ್ತೆಲ್ಲಿ? ಹಳೇ ತಾರೀಕಿನ ಶೀಟನ್ನೇ 9ರಂದು ಬಿಡುಗಡೆ ಮಾಡಿದರು. ಆ ದಿನದ ಠಸ್ಸೆ ಬಿದ್ದ ಲಕೋಟೆಯಲ್ಲಿ ಅಚ್ಚು ಒಂದು ಹೇಳುತ್ತೆ, ಮಸಿ ಇನ್ನೊಂದು ಹೇಳುತ್ತೆ. ಮಸಿ ಹೇಳೋದೇ ನಿಜ. ಬಿಡಿ ಚೀಟಿಯಲ್ಲಿ ಈ ಕತೆ ಸಿಗಲ್ಲ ಅಲ್ವಾ?

ಹಾಗಂತ ಠಸ್ಸೆ ಇದ್ದದ್ದೆಲ್ಲ ಅಂಚೆಯಲ್ಲಿ ಓಡಾಡಿದ್ದು ಅಂತಲೂ ಅಲ್ಲ. ಸಂಗ್ರಹಕಾರರಿಗೆ ಅಗ್ಗದಲ್ಲಿ ಮಾರಲೆಂದೇ ಹಾಳೆಗಟ್ಟಲೆ ಠಸ್ಸೆ ಹೊಡೆದು ಕಳಿಸುವ ದೇಶಗಳಿವೆ. ಕಂಡುಹಿಡಿಯೋದು ಸುಲಭ. ಮೂಲೆಯಲ್ಲಿ ಅಚ್ಚುಕಟ್ಟಾದ ಕಾಲು ವೃತ್ತ ಇರುತ್ತೆ, ವರನ ಮೂಗಿಗೂ ವಧುವಿನ ಕೆನ್ನೆಗೂ ಮಸಿ ತಾಗಿರಲ್ಲ. ತಿರುಗಿಸಿ ನೋಡಿ, ಹಿಂದೆ ಅಂಟು ಹಾಗೇ ಹೊಳೆಯುತ್ತಿರುತ್ತೆ. ಅಂಚೆಯಲ್ಲಿ ಹೋಗಿಬಂದ ಚೀಟಿಯ ಠಸ್ಸೆ ಓರೆಯಾಗಿರುತ್ತೆ, ಅರ್ಧ ಲಕೋಟೆಯ ಮೇಲೂ ಹರಡಿರುತ್ತೆ. ನನಗೆ ಇಷ್ಟ ಅದೇ.

ತಮಾಷೆಗೆ ಇನ್ನೊಂದು. 2011ರ ವಿಲಿಯಂ–ಕೇಟ್ ಮದುವೆಗೆ ನಿಯುಯೆ ದ್ವೀಪದ ಹೆಸರಲ್ಲಿ ಬಂದ ಜೋಡಿ ಚೀಟಿಯಲ್ಲಿ ತೂತಿನ ಸಾಲು ಸರಿಯಾಗಿ ಇಬ್ಬರ ನಡುವೆಯೇ ಹಾದಿತ್ತು. ವಿಲಿಯಂಗೆ 3.40 ಡಾಲರ್, ಕೇಟ್‌ಗೆ 2.40. ಹರಿದರೆ ಗಂಡ ಒಂದು ಲಕೋಟೆಗೆ, ಹೆಂಡತಿ ಇನ್ನೊಂದಕ್ಕೆ!

ಠಸ್ಸೆಗಳ ಬಗ್ಗೆಯೂ ಒಂದು ಲೇಖನ ಬರಲಿ ಎಂದು ಕೇಳಿಕೊಳ್ಳುತ್ತೇನೆ. ಜೊತೆಗೆ ಹೊಸಬರಿಗೆ ಇಷ್ಟು ತಿಳಿಸಿ: ಮದುವೆ ಚೀಟಿ ಅಂಟಿಸಿದ ಹಳೇ ಲಕೋಟೆ ಸಿಕ್ಕರೆ ಸುಮ್ನೆ ನೀರಿಗೆ ಹಾಕಿ ಚೀಟಿ ಬಿಡಿಸಬೇಡಿ. ಮೊದಲು ಠಸ್ಸೆಯ ಊರು, ತಾರೀಕು ಓದಿ.

ಇಂತಿ,
ಅಂಚೆಚೀಟಿ ಸಂಗ್ರಹಿಸುವ ಒಬ್ಬ ಓದುಗ