ಗೇಟ್ ಮುಂದೆ ನಿಲ್ಲೋ ಅಳಿಯನಿಗೆ

ಚಿ. ಮಂಜುಗೆ ಮಾವನ ಆಶೀರ್ವಾದ.

ನಿಮ್ಮಮ್ಮ ನಿನ್ನೆ ಫೋನ್ ಮಾಡಿದ್ಲು. ಎರಡು ತಿಂಗಳಿಂದ ನೀನು ಬೆಳಗಾಗೋದೇ ತಡ ತಿಂಡಿನೂ ತಿನ್ನದೆ ಆ ಲೀಡರ್ ಮನೆ ಗೇಟ್ ಹತ್ರ ಹೋಗಿ ನಿಲ್ತೀಯಂತೆ, "ಅಣ್ಣ ಇವತ್ತು ಹೆಸರು ಹಿಡಿದು ಕರೆದ್ರು" ಅಂತ ಖುಷಿ ಬೇರೆ ಪಟ್ಯಂತೆ. ಬೈಯೋಕೆ ಬರೀತಿಲ್ಲ ಕಣೋ, ಇಷ್ಟು ವರ್ಷ ಹಿಸ್ಟರಿ ಪಾಠ ಮಾಡಿದವನಿಗೆ ಇದನ್ನ ಕೇಳಿದ ತಕ್ಷಣ ಹಳೇ ಕಾಲದ ರೋಮ್ ನೆನಪಾಯ್ತು.

ಅಲ್ಲೂ ಇದೇ ನಡೀತಿತ್ತು. ದೊಡ್ಡ ಮನೆತನದವನು ಪತ್ರೋನಸ್, ಅವನ ಆಸರೇಲಿ ಇರೋನು ಕ್ಲಿಯೆನ್ಸ್, ಈಗ ಲಾಯರ್‌ಗಳು ಕ್ಲೈಂಟು ಕ್ಲೈಂಟು ಅಂತಾರಲ್ಲ ಅದು ಇಲ್ಲಿಂದ್ಲೇ ಬಂದಿದ್ದು. ಬೆಳಕು ಹರಿಯೋ ಹೊತ್ತಿಗೆ ಉಣ್ಣೆಯ ಭಾರದ ಟೋಗಾ ಸುತ್ಕೊಂಡು ಇವನು ಅವನ ಮನೆಗೆ ಹೋಗಿ ನಮಸ್ಕಾರ ಹಾಕ್ಬೇಕು, ಪ್ರತಿಯಾಗಿ ಒಂದು ಪುಟ್ಟ ಬುಟ್ಟಿ ಊಟ, ಆಮೇಲಾಮೇಲೆ ಅದೂ ಹೋಗಿ ಚಿಲ್ಲರೆ ಕಾಸು. ದೊಡ್ಡೋರಿಗೆ ಜನರ ಹೆಸರು ನೆನಪಿಸೋಕೆ ಅಂತಾನೇ ಒಬ್ಬ ಗುಲಾಮ ಇರ್ತಿದ್ದ, ಬಂದೋರ ಹೆಸರು ಯಜಮಾನನ ಕಿವೀಲಿ ಉಸುರೋದು ಅವನ ಡ್ಯೂಟಿ. ಯಜಮಾನ ಬಾಯ್ತುಂಬ ಹೆಸರು ಹೇಳಿದ್ರೆ ಕ್ಲಿಯೆನ್ಸ್ ಕರಗಿ ನೀರಾಗೋನು. ನಾಳೆ ಹೋದಾಗ ನಿಮ್ಮಣ್ಣನ ಪಕ್ಕ ನಿಂತಿರೋ ಪಿಎ ತುಟಿ ಅಲ್ಲಾಡುತ್ತಾ ಸ್ವಲ್ಪ ನೋಡು.

ಹಾಗಂತ ಪೂರ್ತಿ ಮೋಸ ಅಂತಾನೂ ಹೇಳಲ್ಲ. ಕೋರ್ಟಲ್ಲಿ ಬಡವನ ಪರ ಮಾತಾಡೋಕೆ ಒಬ್ಬ ದೊಡ್ಡೋನು ಬೇಕಿತ್ತು, ಆ ಕೆಲಸ ಪತ್ರೋನಸ್‌ದು. ಕ್ರಿ.ಪೂ. 450ರ ಸುಮಾರಿನ ಅವರ ಹನ್ನೆರಡು ಫಲಕದ ಕಾನೂನಲ್ಲಿ, ಆಸರೆಗೆ ಬಂದವನಿಗೆ ಮೋಸ ಮಾಡಿದ ಪತ್ರೋನಸ್ ದೇವರ ಶಾಪಕ್ಕೆ ಬಿದ್ದವನು ಅಂತಾನೇ ಇತ್ತು. ಅವನಿಗೂ ಇವನಿಂದ ಕೆಲಸ ಇತ್ತಲ್ಲ, ಓಟು! ಮೊದಮೊದಲು ಓಟನ್ನ ಬಾಯಲ್ಲೇ ಹೇಳ್ಬೇಕಿತ್ತು, ಯಾರಿಗೆ ಹಾಕಿದ್ದು ಅಂತ ಎಲ್ರಿಗೂ ಕೇಳ್ಸೋದು. ಕ್ರಿ.ಪೂ. 139ರಲ್ಲಿ ಮೇಣ ಸವರಿದ ಹಲಗೆ ಮೇಲೆ ಬರೆದು ಗುಟ್ಟಾಗಿ ಹಾಕೋ ಕಾನೂನು ಬಂತು, ಸಿಸೆರೋ ಅಂಥ ಹೆಸರಾಂತ ಭಾಷಣಕಾರನೇ ಇದರಿಂದ ದೊಡ್ಡೋರ ಮಾತಿಗೆ ಬೆಲೆ ಹೋಯ್ತು ಅಂತ ಗೊಣಗಿದಾನೆ. ಎಲೆಕ್ಷನ್‌ಗೆ ನಿಂತೋರು ಟೋಗಾಗೆ ಸೀಮೆಸುಣ್ಣದ ಪುಡಿ ಉಜ್ಜಿ ಬೆಳ್ಳಗೆ ಮಾಡ್ಕೊಂಡು ಓಡಾಡೋರು, ಕ್ಯಾಂಡಿಡೇಟ್ ಅನ್ನೋ ಪದ ಆ ಬಿಳೀ ಬಟ್ಟೆಯಿಂದ್ಲೇ ಹುಟ್ಟಿದ್ದು, ನಮ್ಮೋರ ವೈಟ್ ಅಂಡ್ ವೈಟ್ ಏನೂ ಹೊಸದಲ್ಲ ಬಿಡು.

ನನಗೆ ಹೊಟ್ಟೆ ಉರಿಯೋದು ಆಮೇಲಿನ ಕಥೆಗೆ. ಕ್ರಿ.ಶ. 14ರಲ್ಲಿ ಟಿಬೇರಿಯಸ್ ಚಕ್ರವರ್ತಿ ಆದ ವರ್ಷವೇ ಅಧಿಕಾರಿಗಳನ್ನ ಆರಿಸೋದನ್ನ ಜನರ ಕೈಯಿಂದ ಕಿತ್ತು ಸೆನೆಟ್‌ಗೆ, ಅಂದ್ರೆ ದೊಡ್ಡೋರ ಸಭೆಗೆ, ಕೊಟ್ಬಿಟ್ಟ. ಓಟು ಹೋಯ್ತು, ಅಂದ್ಮೇಲೆ ದೊಡ್ಡೋನಿಗೆ ಇವನಿಂದ ಏನಾಗ್ಬೇಕು? ಆದ್ರೂ ಜನ ಬಾಗಿಲಿಗೆ ಹೋಗೋದು ಬಿಡ್ಲಿಲ್ಲ ನೋಡು. ಬಾಗಿಲಲ್ಲಿ ಜಾತ್ರೆ ಇದ್ರೆ ಯಜಮಾನನಿಗೆ ಗತ್ತು, ಇವರಿಗೆ ಅದೇ ಚಿಲ್ಲರೆ ಕಾಸು. ಎಷ್ಟೋ ದಶಕ ಆದ್ಮೇಲೂ ಮಾರ್ಷಿಯಲ್ ಅನ್ನೋ ಕವಿ ಈ ಬೆಳಗಿನ ಅಲೆದಾಟದ ಬಗ್ಗೆ ಗೋಳಾಡಿಕೊಂಡು ಬರೆದಿದಾನೆ, ಬರೆದ್ಬಿಟ್ಟು ಮತ್ತೆ ಹೋಗಿ ನಿಂತಿದಾನೆ.

ನಾನೇನು ಸಾಚಾ ಅಲ್ಲ, ಟ್ರಾನ್ಸ್‌ಫರ್‌ಗೆ ಅಂತ ಹನ್ನೊಂದು ದಿನ ಒಬ್ರ ಮನೆ ಮುಂದೆ ಚಪ್ಪಲಿ ಬಿಟ್ಟು ಕಾದಿದೀನಿ, ಕೊನೆಗೆ ಆರ್ಡರ್ ಬಂದಿದ್ದು ಮಾಮೂಲಿ ಕೌನ್ಸೆಲಿಂಗಲ್ಲಿ. ನಿನಗೆ ಓಟಿದೆ, ಡಿಗ್ರಿ ಇದೆ. ಹೋಗ್ಲೇಬೇಕು ಅಂದ್ರೆ ನಿಮ್ಮ ಬೀದಿ ಚರಂಡಿದೋ ನೀರಿಂದೋ ಒಂದು ಅರ್ಜಿ ಹಿಡ್ಕೊಂಡು ಹೋಗು, ನಾಲ್ಕು ಮನೆಯೋರ ಸೈನ್ ಹಾಕ್ಸು, ಬರೀ ಕೈ ಕಟ್ಕೊಂಡು ನಿಲ್ಬೇಡ.

ಭಾನುವಾರ ಚಿತ್ರದುರ್ಗಕ್ಕೆ ಬಾ. ಚಂದ್ರವಳ್ಳೀಲಿ ಅಗೆದಾಗ ಅದೇ ಟಿಬೇರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿತ್ತು, ಜಾಗ ತೋರಿಸ್ತೀನಿ. ನಿಮ್ಮತ್ತೆ ಕೇಳ್ತಿದಾಳೆ, ತಿಂಡಿಗೆ ದೋಸೆನೋ ಮಂಡಕ್ಕಿ ಒಗ್ಗರಣೆನೋ, ಮೆಸೇಜ್ ಹಾಕು.