ಮಗಳಿಗೊಂದು ಪತ್ರ: ಏನೂ ನಡೆಯೋದಿಲ್ಲ ಅಂದೆಯಲ್ಲ

ಬಳ್ಳಾರಿ

ಪ್ರೀತಿಯ ಮಗಳೇ,

ನನ್ನ ಕಾದಂಬರಿಯ ಮೊದಲ ಅಧ್ಯಾಯಗಳನ್ನು ಟೈಪ್ ಮಾಡಿ ಮುಗಿಸಿದ ಮೇಲೆ ನೀನು ಫೋನಿನಲ್ಲಿ ಹೇಳಿದ ಮಾತು ಇನ್ನೂ ತಲೆಯಲ್ಲಿದೆ. "ಅಮ್ಮಾ, ಚೆನ್ನಾಗಿದೆ. ಆದ್ರೆ ಇದ್ರಲ್ಲಿ ಏನೂ ನಡೆಯೋದೇ ಇಲ್ವಲ್ಲ. ಎಲ್ಲರೂ ಸುಮ್ನೆ ಕೆಲಸ ಮಾಡ್ತಾ ಕೂತಿರ್ತಾರೆ." ಮನೆಯಲ್ಲಿ ಆಗ ಜನ ಇದ್ದರು, ಬ್ಲೌಸ್ ಅಳತೆ ಕೊಡಲು ಬಂದಿದ್ದರು. ಅವರ ಎದುರಿಗೆ ಅವಸರದಲ್ಲಿ ಹೇಳಿ ಮುಗಿಸುವ ಮಾತಲ್ಲ ಇದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಅವರು ಕೆಲಸ ಮಾಡ್ತಾ ಕೂತಿರೋದೇ ನನ್ನ ಕಥೆ.

ಯಾವ ಪುಸ್ತಕ ಹಿಡಿದರೂ, ಯಾವ ಸಿನಿಮಾ ನೋಡಿದರೂ ನಾನು ಮೊದಲು ಹುಡುಕೋದು ಒಂದನ್ನೇ. ಇವರ ಮನೆ ಹೇಗೆ ನಡೆಯುತ್ತದೆ? ಬಾಡಿಗೆ ಯಾರು ಕಟ್ಟುತ್ತಾರೆ? ಬೆಳಿಗ್ಗೆ ಮೊದಲು ಎದ್ದು ಒಲೆ ಹಚ್ಚುವವರು ಯಾರು? ನಮ್ಮೂರಲ್ಲಿ ತೆಲುಗು ಸಿನಿಮಾ, ಕನ್ನಡ ಸಿನಿಮಾ ಎರಡಕ್ಕೂ ಜನ ನುಗ್ಗುತ್ತಾರೆ, ನಾನೂ ಹೋಗುತ್ತೇನೆ, ನಿನಗೆ ಗೊತ್ತು. ಹಾಡು, ಫೈಟು ನನಗೂ ಇಷ್ಟ. ಆದರೆ ದೊಡ್ಡ ಸಿನಿಮಾಗಳ ಹುಡುಗಿಯರಿಗೆ ದಣಿವು ಅನ್ನುವುದೇ ಇರುವುದಿಲ್ಲ. ಹಳ್ಳಿಯ ಹುಡುಗಿ ಅಂತ ತೋರಿಸುತ್ತಾರೆ. ಹೊಲಕ್ಕೆ ಬರುತ್ತಾಳೆ, ಕುಣಿಯುತ್ತಾಳೆ, ಹೋಗುತ್ತಾಳೆ. ಕಳೆ ತೆಗೆದು ಸೊಂಟ ಹಿಡಿದುಕೊಂಡವಳನ್ನು ಒಂದು ನಿಮಿಷವೂ ತೋರಿಸುವುದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಟಿಕೆಟ್ ತಗೊಂಡು ಒಳಗೆ ಕೂತವರಲ್ಲಿ ಅರ್ಧ ಜನ ಅಂಥ ಸೊಂಟನೋವಿನವರೇ ಅಲ್ವಾ?

ನಿನಗೆ ಪಿಯುಸಿಯಲ್ಲಿ ಓದು ಅಂತ ಕೊಟ್ಟಿದ್ದೆನಲ್ಲ, ಶಿವರಾಮ ಕಾರಂತರ 'ಚೋಮನ ದುಡಿ'. 1933ರ ಕಾದಂಬರಿ. ಬಿ.ವಿ. ಕಾರಂತರು 1975ರಲ್ಲಿ ಸಿನಿಮಾ ಮಾಡಿದರು. ಎಲ್ಲರೂ ಚೋಮ ಬಾರಿಸುವ ಆ ದುಡಿಯ, ಆ ಚರ್ಮವಾದ್ಯದ ಬಗ್ಗೆ ಮಾತಾಡುತ್ತಾರೆ. ಚೋಮನ ಪಾತ್ರ ಮಾಡಿದ ವಾಸುದೇವ ರಾವ್ ಅದನ್ನು ಬಾರಿಸುವ ರೀತಿಯ ಬಗ್ಗೆಯೂ ಹೇಳುತ್ತಾರೆ, ಹೇಳಬೇಕಾದ್ದೇ. ನನ್ನನ್ನು ಹಿಡಿದು ನಿಲ್ಲಿಸೋದು ಮಾತ್ರ ಕಾಫಿ ತೋಟದ ಸಾಲ. ಚೋಮನಿಗೆ ಬೇಕಾದದ್ದು ಒಂದು ತುಂಡು ಭೂಮಿ, ತಾನೇ ಉಳಬೇಕು ಅನ್ನೋ ಆಸೆ. ಆದರೆ ಆ ಮನೆಯನ್ನು ಒಡೆಯೋದು ಸಾಲದ ಲೆಕ್ಕ. ಅದನ್ನು ತೀರಿಸಲು ಮಕ್ಕಳು ತೋಟಕ್ಕೆ ಹೋಗಬೇಕು, ಕಡೆಗೆ ಮಗಳು ಬೆಳ್ಳಿಯೂ ಹೋಗಬೇಕು. ಅಲ್ಲಿ ಕಥೆಯನ್ನು ಮುಂದಕ್ಕೆ ತಳ್ಳುವ ವಿಲನ್ ಯಾರು ಹೇಳು? ಬರೆದಿಟ್ಟ ಒಂದು ಬಾಕಿ. ಅದನ್ನು ಓದಿದಾಗಲೇ ನನಗೆ ಧೈರ್ಯ ಬಂದದ್ದು. ಕೂಲಿ, ಬಾಕಿ, ಮುಂಗಡ, ಇವಿಷ್ಟರಿಂದಲೇ ಒಂದು ದೊಡ್ಡ ಕಥೆ ಹುಟ್ಟಬಹುದು.

'ತಿಥಿ' ಸಿನಿಮಾ ನನಗೆ ಇಷ್ಟವಾಗಿದ್ದೂ ಇದೇ ಕಾರಣಕ್ಕೆ. ಮಂಡ್ಯ ಕಡೆಯ ಹಳ್ಳಿಯ ಜನರೇ ನಟಿಸಿದ್ದಾರೆ. ಅವರು ನಡೆಯುವುದು, ಕೂರುವುದು, ಬೀಡಿ ಹಚ್ಚುವುದು, ಯಾವುದನ್ನೂ ಯಾರೋ ಕಲಿಸಿದ ಹಾಗೆ ಕಾಣುವುದಿಲ್ಲ.

ಈಗ ನಮ್ಮ ಓಣಿಗೆ ಬರುತ್ತೇನೆ. ನೀನು ಚಿಕ್ಕವಳಿದ್ದಾಗ ನಾನೂ ಪ್ಯಾಂಟಿನ ದಾರ ಕತ್ತರಿಸುತ್ತಿದ್ದೆ, ನೆನಪಿದೆಯಾ? ಬಳ್ಳಾರಿ ಜೀನ್ಸ್ ಅಂದರೆ ದೇಶದ ಎಷ್ಟೋ ಊರುಗಳಿಗೆ ಹೋಗುತ್ತದೆ. ಕಟಿಂಗ್ ಒಂದು ಕಡೆ, ಹೊಲಿಗೆ ಒಂದು ಕಡೆ, ವಾಷಿಂಗ್ ಇನ್ನೊಂದು ಕಡೆ. ನಡುವೆ ದಾರ ಕತ್ತರಿಸೋ ಕೆಲಸ ಮನೆಮನೆಗೆ ಬರುತ್ತದೆ. ಲೆಕ್ಕ ಪೀಸಿಗೆ ಇಷ್ಟು ಅಂತ. ಬೆಲ್ಟಿನ ಪಟ್ಟಿಯ ಹತ್ತಿರ, ಜಿಪ್ಪಿನ ಕೆಳಗೆ, ಜೇಬಿನ ಮೂಲೆಯಲ್ಲಿ, ಕಾಲಿನ ಮಡಿಕೆಯಲ್ಲಿ, ಎಲ್ಲೆಲ್ಲಿ ಹೊಲಿಗೆ ನಿಂತಿದೆಯೋ ಅಲ್ಲೆಲ್ಲ ದಾರದ ತುದಿ ನೇತಾಡುತ್ತಿರುತ್ತದೆ. ಒಂದು ಬಿಟ್ಟರೂ ವಾಪಸ್ ಕಳಿಸುತ್ತಾರೆ. ಜೋರಾಗಿ ಎಳೆದರೆ ಹೊಲಿಗೆ ಬಿಚ್ಚುತ್ತದೆ. ಕತ್ತರಿ ಒಂದು ಕೂದಲೆಳೆ ಒಳಗೆ ಹೋದರೆ ಬಟ್ಟೆ ತೂತು, ಆ ಪೀಸಿನ ದುಡ್ಡೂ ಹೋಯಿತು. ವಾಷಿಂಗಿಗೆ ಹೋಗುವ ಮುಂಚಿನ ಬಟ್ಟೆಯಾದರೆ ನೀಲಿ ಬಣ್ಣ ಕೈಗೆ ಹತ್ತುತ್ತದೆ. ಅದು ನೂಲಿನ ಮೇಲ್ಮೈಗಷ್ಟೇ ಹಿಡಿದ ಬಣ್ಣ, ಒಳಗೆ ನೂಲು ಬೆಳ್ಳಗೇ ಇರುತ್ತದೆ. ತಿಕ್ಕಿ ತಿಕ್ಕಿ ಕೈ ತೊಳೆದರೂ ಉಗುರಿನ ಸಂದಿಯಲ್ಲಿ ಉಳಿಯುತ್ತದೆ. ಜೋಳದ ಹಿಟ್ಟು ನಾದುವಾಗ ಅದು ಎದ್ದು ಕಾಣುತ್ತದೆ.

ನನ್ನ ಕಥೆಯಲ್ಲಿ ಒಂದು ಸಂಜೆ ಒಬ್ಬಳು ಬಂದು ಬಾಗಿಲಲ್ಲಿ ನಿಂತು ಹೇಳುತ್ತಾಳೆ: "ರೇಟ್ ಇಳಿಸ್ಯಾರಂತಕ್ಕಾ, ಇನ್ನೇನ್ ಮಾಡಾದು?" ಯಾರೂ ಉತ್ತರ ಕೊಡುವುದಿಲ್ಲ. ಕತ್ತರಿ ಆಡುತ್ತಲೇ ಇರುತ್ತದೆ. ಯಾಕೆಂದರೆ ಅವರಲ್ಲಿ ಇಬ್ಬರು ಮಕ್ಕಳ ಫೀಸಿಗೆ ಅಂತ ಮುಂಗಡ ತಗೊಂಡಿದ್ದಾರೆ. ನೀನು ಏನೂ ನಡೆಯೋದಿಲ್ಲ ಅಂದ ಪುಟ ಇದೇ ಮಗಳೇ. ಇನ್ನೊಮ್ಮೆ ಓದು. ಆ ಪುಟದ ನಂತರ ಆ ಓಣಿಯಲ್ಲಿ ಯಾವ ಮನೆಯೂ ಮೊದಲಿನ ಹಾಗೆ ಉಳಿಯುವುದಿಲ್ಲ.

ನಿನ್ನ ಗೆಳತಿ ಕೇಳಿದಳಂತೆ, "ಬಳ್ಳಾರಿ ಕಾದಂಬರಿ ಅಂತೀರಿ, ಗಣಿ ಎಲ್ಲಿ?" ಬೆಂಗಳೂರಿನವರಿಗೆ ಬಳ್ಳಾರಿ ಅಂದರೆ ಕೆಂಪು ಧೂಳು, ಗಣಿ ಧಣಿಗಳ ಹೆಲಿಕಾಪ್ಟರ್, ಬಂಗಾರದ ಕುರ್ಚಿ. ಗಣಿ ನನ್ನ ಪುಸ್ತಕದಲ್ಲೂ ಬರುತ್ತದೆ. ಆದರೆ ಅದು ನಮ್ಮ ಓಣಿಗೆ ಬಂದ ದಾರಿಯಲ್ಲೇ ಬರಬೇಕು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತಲ್ಲ, ನಿಲ್ಲಿಸಬೇಕಾದ್ದೇ, ಸಂಡೂರಿನ ಗುಡ್ಡಗಳನ್ನು ಕಂಡವರು ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಅದಿರು ಸಾಗಿಸೋಕೆ ಅಂತ ಸಾಲ ಮಾಡಿ ಲಾರಿ ತಗೊಂಡಿದ್ದವನ ಮನೆಯಲ್ಲಿ ಏನಾಯಿತು? ನನ್ನ ಕಥೆಯಲ್ಲಿ ಓಣಿಯ ತುದಿಗೆ ಒಂದು ಲಾರಿ ನಿಂತುಬಿಡುತ್ತದೆ. ಕೆಳಗೆ ನೆರಳಿದೆ ಅಂತ ಮಕ್ಕಳು ಅಲ್ಲಿ ಆಡುತ್ತಾರೆ. ಲಾರಿಯವನು ಹಗಲಲ್ಲಿ ಮನೆಯಲ್ಲೇ ಇರಲು ಶುರು ಮಾಡುತ್ತಾನೆ. ಅವನ ಹೆಂಡತಿ ಮೊದಲ ಸಲ ಪಕ್ಕದ ಮನೆಗೆ ಬಂದು, ದಾರ ಕತ್ತರಿಸೋದು ನನಗೂ ಹೇಳಿಕೊಡಿ ಅಂತ ಕೇಳುತ್ತಾಳೆ. ಗಣಿಯ ಬಗ್ಗೆ ನನಗೆ ಬರೆಯಲು ಗೊತ್ತಿರುವುದು ಇಷ್ಟು. ಹೆಲಿಕಾಪ್ಟರನ್ನು ನಾನು ಕೆಳಗಿನಿಂದ ನೋಡಿದ್ದೇನೆ, ಅಷ್ಟೇ.

ಭಾಷೆಯ ವಿಚಾರವೂ ಇದೆ. ಸಿನಿಮಾದಲ್ಲಿ ನಮ್ಮ ಕಡೆಯ ಮಾತು ಬಂತು ಅಂದರೆ ಒಂದೋ ಕಾಮಿಡಿ, ಇಲ್ಲಾ ರೌಡಿ. "ಐತೆ" ಅಂದ ಕೂಡಲೇ ಥಿಯೇಟರಿನಲ್ಲಿ ನಗು. "ಐತೆ" ಅನ್ನುವವರು ಅಳುವುದೂ ಇದೆ, ಪ್ರೀತಿ ಮಾಡುವುದೂ ಇದೆ, ಮಗು ಸತ್ತ ಮನೆಯಲ್ಲಿ ಮಾತು ಸಿಗದೆ ಕೂರುವುದೂ ಇದೆ. ಆ ಮಾತುಗಳನ್ನು ನಾನು ನಮ್ಮ ಧಾಟಿಯಲ್ಲೇ ಬರೆಯುತ್ತೇನೆ. ನಮ್ಮೂರು 1953ರ ಅಕ್ಟೋಬರ್ ತನಕ ಮದ್ರಾಸಿಗೆ ಸೇರಿತ್ತು. ಆಂಧ್ರ ಬೇರೆಯಾದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಈ ಕಡೆ ಬಂತು. ಗೆರೆ ಎಳೆದರೂ ಬೀಗತನ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ನಮ್ಮ ಓಣಿಯಲ್ಲಿ ಒಂದು ಮನೆಯಲ್ಲಿ ಉರ್ದು, ಎದುರುಮನೆಯಲ್ಲಿ ತೆಲುಗು, ನಲ್ಲಿ ಹತ್ತಿರ ಬಂದರೆ ಎಲ್ಲರದೂ ಕನ್ನಡ. ಜಗಳ ಜೋರಾದರೆ ಅವರವರ ಭಾಷೆ. ಇದನ್ನೆಲ್ಲ ಒಂದೇ ಥರದ ಪುಸ್ತಕದ ಕನ್ನಡಕ್ಕೆ ಇಳಿಸಿದರೆ ನನ್ನ ಜನ ನನಗೇ ಗುರುತು ಸಿಗುವುದಿಲ್ಲ.

ನಿಮ್ಮಪ್ಪ ಕೇಳುತ್ತಿರುತ್ತಾರೆ, ಈ ವಯಸ್ಸಲ್ಲಿ ಯಾಕೆ ಇಷ್ಟು ಕಷ್ಟ ಪಡ್ತೀಯ ಅಂತ. ಪ್ರೀತಿಯಿಂದಲೇ ಕೇಳುತ್ತಾರೆ, ರಾತ್ರಿ ಲೈಟ್ ಆರಿಸದೆ ಕೂತರೆ ಚಹಾ ಮಾಡಿ ತಂದಿಡುವುದೂ ಅವರೇ. ಕಾದಂಬರಿಗಾರ್ತಿ ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ. ಅವರ ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. ನಾವು ದಿನಾ ಕುಡಿಯೋ ನೀರಿನ ಹೆಸರೇ ಅದು. ಆಮೇಲೆ ಅವರು 'ಫಣಿಯಮ್ಮ' ಬರೆದರು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳಕೊಂಡು, ಇಡೀ ಆಯುಷ್ಯ ಆ ದೊಡ್ಡ ಮನೆಯ ಚಾಕರಿಯಲ್ಲೇ ಸವೆಸಿದ ಹೆಂಗಸಿನ ಕಥೆ. ಆ ಕಾಲದ ಜಾತಿ ಕಟ್ಟುಪಾಡಿನ ನಡುವೆ, ಯಾರಿಗೂ ತಿಳಿಯದ ಹಾಗೆ ಹೋಗಿ ಆಕೆ ಹೆರಿಗೆ ಮಾಡಿಸಿ ಬರುವ ಭಾಗ ಓದುವಾಗ ನಾನು ಹೊಲಿಗೆ ಬಿಟ್ಟು ಕೂತಿದ್ದೆ. ಭಾಷಣವಿಲ್ಲ, ಘೋಷಣೆಯಿಲ್ಲ. ಆ ಹೆಂಗಸಿನ ಕೈ ಮಾಡಿದ ಕೆಲಸವೇ ಎಲ್ಲವನ್ನೂ ಹೇಳುತ್ತದೆ. ನಮ್ಮೂರ ಬಳ್ಳಾರಿ ರಾಘವರೂ ವಕೀಲಿ ಮಾಡಿಕೊಂಡೇ ನಾಟಕ ಆಡಿದವರು, ಹೆಣ್ಣು ಪಾತ್ರವನ್ನು ಹೆಣ್ಣುಮಕ್ಕಳೇ ಮಾಡಬೇಕು ಅಂದವರು. ಮನೆಗೆಲಸ, ಹೊಲಿಗೆ ಎಲ್ಲ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಬರೆಯೋದು ನನಗೆ ಕೊರತೆ ಅಂತ ಅನ್ನಿಸುವುದಿಲ್ಲ. ಬರೆಯಲು ಬೇಕಾದ್ದು ಸಿಗುವುದೇ ಆ ಕೆಲಸದ ನಡುವೆ. ಬ್ಲೌಸ್ ಅಳತೆ ಕೊಡಲು ಬಂದವರು ತೋಳಿನ ಸುತ್ತಳತೆ ತೆಗೆಯುವಾಗ ಹೇಳುವ ಮಾತನ್ನು ಬೇರೆ ಎಲ್ಲೂ ಹೇಳುವುದಿಲ್ಲ.

ಐದನೇ ಅಧ್ಯಾಯ ಬಸ್ಸಿನಲ್ಲಿ ಬರುವವರ ಕೈಲಿ ಕಳಿಸುತ್ತಿದ್ದೇನೆ. ಟೈಪ್ ಮಾಡುವಾಗ ಎರಡು ವಿಷಯ ನೋಡಿಕೋ. ಎದುರುಮನೆಯಾಕೆಯ ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಹಾಗೇ ಇಡು, ಪಕ್ಕದಲ್ಲಿ ಅರ್ಥ ಬರೆಯಬೇಡ. ನಮ್ಮೂರಿನ ಮಾತು ತಪ್ಪು ಅನ್ನಿಸಿ ಕಂಪ್ಯೂಟರು ಕೆಂಪು ಗೆರೆ ಹಾಕಿದರೆ ತಿದ್ದಬೇಡ. ಲಾರಿಯವನ ಹೆಂಡತಿ ಮೊದಲ ದಿನ ಒಂದು ಪ್ಯಾಂಟು ತೂತು ಮಾಡುವ ಜಾಗವಿದೆ. ಅದನ್ನು ಓದಿದ ಮೇಲೆ ಹೇಳು, ಅಲ್ಲಿ ಅವಳು ಅಳಬೇಕಾ, ಇಲ್ಲಾ ಸುಮ್ಮನೆ ಮುಂದಿನ ಪೀಸು ಎತ್ತಿಕೊಳ್ಳಬೇಕಾ? ನಾನು ಎರಡೂ ಥರ ಬರೆದಿಟ್ಟಿದ್ದೇನೆ.

ನಿನ್ನ
ಅಮ್ಮ